ಐದನೇ ತಂತಿಯ ಮಾತು ಮೊದಲು ಕೇಳಿ: ಫ್ರೆಟ್‌ಲೆಸ್ ಬೇಸ್ ಹುಡುಕಿದ ನನ್ನ ಅನುಭವ

ನಮ್ಮ ತಂಡದ ಗಾಯಕರಿಗೆ ಐವತ್ತು ದಾಟಿದ ಮೇಲೆ ಶ್ರುತಿ ಇಳಿಯತೊಡಗಿತು. ಇ ಶ್ರುತಿಯಲ್ಲಿ ಹಾಡುತ್ತಿದ್ದ ಭಾವಗೀತೆಗಳು ಡಿಗೆ ಬಂದವು. ಎರಡು ವರ್ಷ ಕಳೆದ ಮೇಲೆ ಸಿಗೆ. ಹಾಡುವವರಿಗೆ ಆರಾಮ. ಬೇಸ್ ಗಿಟಾರ್ ನುಡಿಸುವ ನನಗೆ ಪೀಕಲಾಟ. ನಾಲ್ಕು ತಂತಿಯ ಬೇಸ್‌ನಲ್ಲಿ ತೀರಾ ಕೆಳಗಿನ ಸ್ವರ ಇ. ಅದರ ಕೆಳಗೆ ಏನೂ ಇಲ್ಲ. ಸಿ ಶ್ರುತಿಯ ಷಡ್ಜ ಬೇಕು ಅಂದರೆ ಮೇಲಿನ ಸ್ಥಾಯಿಗೆ ಹತ್ತಬೇಕು. ಹತ್ತಿದರೆ ಪಾಯ ಇಲ್ಲದ ಮನೆಯ ಹಾಗೆ ಕೇಳುತ್ತದೆ ಹಾಡು.

ಹಾಗಾಗಿ ಐದು ತಂತಿ ಬೇಕಾಯಿತು. ಕೆಳಗಿನಿಂದ ಬಿ, ಇ, ಎ, ಡಿ, ಜಿ. ಅದೂ ಫ್ರೆಟ್‌ಲೆಸ್, ಅಂದರೆ ಸ್ವರದ ಜಾಗ ತೋರಿಸುವ ಲೋಹದ ಅಡ್ಡಪಟ್ಟಿಗಳು (ಫ್ರೆಟ್ಟುಗಳು) ಇಲ್ಲದ್ದು. ಅದು ಯಾಕೆ ಅಂತ ಮನೆಯಲ್ಲೂ ಕೇಳಿದರು. ಭಾವಗೀತೆಯಲ್ಲಿ ಪಿಟೀಲಿನವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರಲ್ಲ, ಆಗ ನಾನು ಕೆಳಗೆ ಟಕ್ ಟಕ್ ಅಂತ ಒಂದು ಮನೆಯಿಂದ (ಎರಡು ಫ್ರೆಟ್ಟಿನ ನಡುವಿನ ಜಾಗ) ಇನ್ನೊಂದು ಮನೆಗೆ ನೆಗೆಯುತ್ತಿದ್ದೆ. ಹದಿನಾಲ್ಕು ವರ್ಷ ಅದನ್ನು ನುಂಗಿಕೊಂಡಿದ್ದೆ. ಹೇಗೂ ಹೊಸದು ಕೊಳ್ಳಬೇಕಲ್ಲ, ಜಾರುವುದನ್ನೇ ಕೊಳ್ಳೋಣ ಅನ್ನಿಸಿತು.

ಲೆಕ್ಕ ಹಾಕಿದ್ದು ಅರವತ್ತು ಸಾವಿರ. ಅದರಲ್ಲಿ ಹತ್ತು ಸಾವಿರ ತಂತಿ ಮತ್ತು ಸೆಟಪ್ಪಿಗೆ (ವಾದ್ಯವನ್ನು ಕೈಗೆ ಹೊಂದಿಸಿಕೊಳ್ಳುವ ಕೆಲಸ) ಅಂತ ಮೊದಲೇ ಎತ್ತಿಟ್ಟೆ. ಈ ಒಂದು ಬುದ್ಧಿವಂತಿಕೆ ಮಾತ್ರ ನಾನು ಶುರುವಿನಲ್ಲೇ ಮಾಡಿದ್ದು. ಉಳಿದದ್ದೆಲ್ಲ ಪೆಟ್ಟು ತಿಂದು ಕಲಿತದ್ದು.

ಮೊದಲ ಪೆಟ್ಟು ಆನ್‌ಲೈನ್‌ನಲ್ಲಿ. ಫೋಟೋ ಚೆನ್ನಾಗಿತ್ತು, ಬೆಲೆ ಕಮ್ಮಿ ಇತ್ತು, ತರಿಸಿದೆ. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಡಬ್ಬ ಬಂದ ದಿನ ಮಗಳಿಗಿಂತ ಜಾಸ್ತಿ ಕುಣಿದವನು ನಾನೇ. ಇ, ಎ, ಡಿ, ಜಿ ನಾಲ್ಕೂ ಪರವಾಗಿಲ್ಲ. ಬಿ ತಂತಿ ಮೀಟಿದರೆ ಒದ್ದೆ ಹಗ್ಗ ಎಳೆದ ಹಾಗೆ ಶಬ್ದ. ಸ್ವರ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ಹೊಸ ತಂತಿ ಹಾಕಿದೆ, ತಂತಿಯ ಕಂಪನ ಹಿಡಿಯುವ ಪಿಕಪ್‌ನ ಎತ್ತರ ಬದಲಿಸಿದೆ. ಊಹೂಂ. ಸಾಲದ್ದಕ್ಕೆ ನೆಕ್ಕು, ಅಂದರೆ ಉದ್ದನೆಯ ಕತ್ತು, ಬಾಡಿಯನ್ನು ಸೇರುವ ಕಡೆ ಫಿಂಗರ್‌ಬೋರ್ಡ್ (ಬೆರಳು ಒತ್ತುವ ಹಲಗೆ) ಸ್ವಲ್ಪ ಉಬ್ಬಿತ್ತು. ಹನ್ನೆರಡನೇ ಮನೆ ದಾಟಿದರೆ ಪರಪರ ಅನ್ನುತ್ತಿತ್ತು.

ಫ್ರೆಟ್ಟಿರುವ ಬೇಸ್‌ನಲ್ಲಿ ಇಂಥ ಉಬ್ಬು ಅಷ್ಟು ಕಾಡುವುದಿಲ್ಲ. ಅಲ್ಲಿ ತಂತಿ ಫ್ರೆಟ್ಟಿನ ಮೇಲೆ ಕೂರುತ್ತದೆ, ಎತ್ತರವಾದ ಫ್ರೆಟ್ಟನ್ನು ಅರದಲ್ಲಿ ಉಜ್ಜಿದರೆ ಆಯಿತು. ಫ್ರೆಟ್‌ಲೆಸ್‌ನಲ್ಲಿ ಇಡೀ ಹಲಗೆಯೇ ಒಂದು ಉದ್ದನೆಯ ಫ್ರೆಟ್ಟು. ಕೂದಲೆಳೆಯಷ್ಟು ಉಬ್ಬಿದ್ದರೂ ತಂತಿ ಹೋಗಿ ಅಲ್ಲಿಗೆ ಮುಟ್ಟುತ್ತದೆ. ಸರಿಮಾಡಬೇಕು ಅಂದರೆ ಹಲಗೆಯನ್ನೇ ಹತ್ತರಿ ಹೊಡೆದ ಹಾಗೆ ಸಮ ಮಾಡಬೇಕು. ಮಧ್ಯಮ ಬೆಲೆಯ ವಾದ್ಯಕ್ಕೆ ಆ ಖರ್ಚು ತಲೆಗಿಂತ ಮುಂಡಾಸು ಭಾರ. ವಾಪಸ್ ಕಳಿಸಿದೆ. ಹಣ ಬರಲು ಐದು ವಾರ ಹಿಡಿಯಿತು.

ಆ ಐದು ವಾರದಲ್ಲಿ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಹೋಗಿದ್ದೆ. ಅವರು ವೀಣೆಯ ಟೀಚರಾಗಿ ನಿವೃತ್ತರಾದವರು. ಕತೆ ಹೇಳಿದೆ. ಫೋಟೋ ನೋಡಿ, ‘ಮೆಟ್ಟಿಲೇ ಇಲ್ವಲ್ಲೋ ಇದಕ್ಕೆ! ಪಿಟೀಲಿಗೆ ಅಪ್ಪ ಇದ್ದ ಹಾಗಿದೆ’ ಅಂದು ನಕ್ಕರು. ಆಮೇಲೆ, ‘ನೀನು ಪ್ಲಗ್ ಹಾಕಿ ಕೇಳಿದ್ಯೋ, ಹಾಕದೆ ಕೇಳಿದ್ಯೋ?’ ಅಂದರು. ಹಾಕಿಯೇ ಕೇಳಿದ್ದು ಅಂದೆ. ‘ಮರ ಏನು ಹೇಳುತ್ತೆ ಅಂತ ಕೇಳದೆ ಕರೆಂಟು ಏನು ಹೇಳುತ್ತೆ ಅಂತ ಕೇಳಿದ್ಯಲ್ಲಪ್ಪಾ’ ಅಂದರು. ಅತ್ತೆಗೆ ಎಲೆಕ್ಟ್ರಿಕ್ ಬೇಸ್ ಬಗ್ಗೆ ಏನೂ ಗೊತ್ತಿಲ್ಲ. ಆದರೂ ನನ್ನ ಹುಡುಕಾಟದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಮಾತು ಅದೇ.

ಯಾಕೆ ಅಂತ ಹೇಳುತ್ತೇನೆ. ಬಿ ತಂತಿಯ ಕಂಪನ ಸೆಕೆಂಡಿಗೆ ಸುಮಾರು 31. ಇ ತಂತಿಯದು 41. ಗಣೇಶನ ಪೆಂಡಾಲಿನಲ್ಲಿ ಕಟ್ಟುವ ಸ್ಪೀಕರುಗಳಲ್ಲಿ ಬಹಳಷ್ಟು 31ನ್ನು ಸರಿಯಾಗಿ ಹೊರಗೆ ಹಾಕುವುದೇ ಇಲ್ಲ. ನಮ್ಮ ಕಿವಿಗೆ ಬೀಳುವುದು ಅದರ ಮೇಲಿನ 62, 93ರ ನಾದಗಳು. ಅವನ್ನು ಕೇಳಿ ಮಿದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಆ ಮೇಲಿನ ನಾದಗಳು ಮರದಲ್ಲಿ, ನೆಕ್ಕಿನ ಬಿಗಿಯಲ್ಲಿ, ತಂತಿಯಲ್ಲಿ ಹುಟ್ಟದಿದ್ದರೆ ಎಷ್ಟು ದೊಡ್ಡ ಆಂಪ್ಲಿಫೈಯರ್ ಇದ್ದರೂ ಬರುವುದು ಬರೀ ಗುಂಯ್ ಅನ್ನುವ ಸದ್ದು. ಅಂಗಡಿಯಲ್ಲಿ ಬೇಸ್ ಗುಂಡಿ ಏರಿಸಿ ನುಡಿಸಿ ತೋರಿಸಿದರೆ ಎಲ್ಲ ಬಿ ತಂತಿಯೂ ಸಿಂಹದ ಹಾಗೆ ಗುರುಗುಡುತ್ತದೆ. ಅದನ್ನು ನಂಬಬೇಡಿ.

ಮೈಸೂರಿನ ಅಂಗಡಿಗಳಲ್ಲಿ ಐದು ತಂತಿಯ ಫ್ರೆಟ್‌ಲೆಸ್ ಕೈಗೆ ಸಿಗಲಿಲ್ಲ. ‘ಆರ್ಡರ್ ಕೊಡಿ ತರಿಸ್ತೀವಿ’ ಅನ್ನುತ್ತಿದ್ದರು. ಒಂದು ಸಲ ಸುಟ್ಟುಕೊಂಡಿದ್ದೆನಲ್ಲ, ಬೇಡ ಅಂದೆ. ಎರಡು ಶನಿವಾರ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಮನಸ್ಸಿನಲ್ಲಿ ಎರಡು ಹೆಸರಿದ್ದವು: ಐಬನೀಸ್‌ನ ಎಸ್‌ಆರ್ 375 ಇಎಫ್ ಮತ್ತು ಸೈರ್‌ನ ವಿ7 ಫ್ರೆಟ್‌ಲೆಸ್. ಐಬನೀಸ್ ಎಸ್‌ಆರ್ ಸಾಲಿನ ನೆಕ್ಕು ತೆಳ್ಳಗೆ, ತಂತಿಗಳು ಹತ್ತಿರ ಹತ್ತಿರ. ಚಿಕ್ಕ ಕೈಗೆ ಒಳ್ಳೆಯದು. ಸೈರ್ ವಿ7 ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯದು. ತಂತಿಗಳ ನಡುವೆ ಜಾಗ ಜಾಸ್ತಿ, ಬಲಗೈ ಬೆರಳಿಗೆ ಆರಾಮ. ನಾಲ್ಕು ತಂತಿಯ ಜಾಝ್ ಬೇಸ್ ಮೇಲೆ ಬೆಳೆದವನು ನಾನು, ಮನಸ್ಸು ಎರಡನೆಯದರ ಕಡೆಗೇ ವಾಲಿತ್ತು.

ನೋಡಿದ ಪ್ರತಿಯೊಂದರ ಮೇಲೂ ಒಂದೇ ಕೆಲಸ ಮಾಡಿದೆ. ಮೊದಲು ಬಡಗಿ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ನೆಕ್ಕಿನುದ್ದಕ್ಕೂ ನೋಡುವುದು. ಉಬ್ಬು, ತಿರುಚು ಕಂಡರೆ ಅಲ್ಲೇ ಕೆಳಗಿಡುವುದು. ಆಮೇಲೆ ಪ್ಲಗ್ ಹಾಕದೆ, ಬಾಡಿಯ ಮೇಲಿನ ಕೊಂಬಿಗೆ ಕಿವಿ ಒತ್ತಿಟ್ಟು ಬಿ ತಂತಿಯ ಐದನೇ ಮನೆ ನುಡಿಸುವುದು, ಹಿಂದೆಯೇ ಇ ತಂತಿಯನ್ನು ಎಲ್ಲೂ ಒತ್ತದೆ, ಬಿಟ್ಟ ತಂತಿಯಾಗಿ ಮೀಟುವುದು. ಎರಡೂ ಒಂದೇ ಸ್ವರ. ಎರಡನೆಯದು ಗಂಟೆಯ ಹಾಗೆ, ಮೊದಲನೆಯದು ಕಂಬಳಿ ಹೊದ್ದ ಹಾಗೆ ಕೇಳಿದರೆ ಆ ಬೇಸ್ ಬೇಡ. ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಎಲ್ಲದರಲ್ಲೂ ಇರುತ್ತದೆ, ದಪ್ಪ ತಂತಿ ಅಲ್ವಾ. ಆದರೆ ಎರಡೂ ಅಣ್ಣತಮ್ಮಂದಿರ ಹಾಗಾದರೂ ಇರಬೇಕು. ಕೊನೆಗೆ ಜಿ ತಂತಿಯ ಐದರಿಂದ ಏಳನೇ ಮನೆ. ನೆಕ್ಕನ್ನು ಬೋಲ್ಟಿನಿಂದ ಕೂರಿಸಿದ ಬೇಸ್‌ಗಳಲ್ಲಿ ಅಲ್ಲೊಂದು ಸ್ವರ ಬೇಗ ಸಾಯುವುದು ಮಾಮೂಲು.

35 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ) ಇರುವುದನ್ನೂ ನುಡಿಸಿದೆ. ಸಾಮಾನ್ಯವಾಗಿ 34 ಇರುತ್ತದೆ. ಒಂದಿಂಚು ಉದ್ದವಾದರೆ ಬಿ ತಂತಿ ಬಿಗಿಯಾಗುತ್ತದೆ ಅನ್ನುತ್ತಾರೆ, ನಿಜ. ಆದರೆ ಫ್ರೆಟ್ ಇಲ್ಲದ ಕಡೆ ಕೈಗೆ ಅಭ್ಯಾಸವಾದ ಅಳತೆಯೇ ದಾರಿ. 34ರಲ್ಲಿ ಮೊದಲ ಮನೆಯ ಅಗಲ ಸುಮಾರು 48 ಮಿ.ಮೀ. 35ರಲ್ಲಿ 50ರ ಹತ್ತಿರ. ಹದಿನಾಲ್ಕು ವರ್ಷದ ಅಭ್ಯಾಸವನ್ನು ಮತ್ತೆ ಅಳಿಸಿ ಬರೆಯುವ ತಾಳ್ಮೆ ನನಗಿರಲಿಲ್ಲ.

ಇನ್ನು ಗೆರೆಯ ವಿಷಯ. ಇದರಲ್ಲಿ ನನ್ನ ಜಂಬ ಮುರಿಯಿತು. ಫ್ರೆಟ್ ಇರಬೇಕಾದ ಜಾಗದಲ್ಲಿ ತೆಳು ಗೆರೆ ಎಳೆದ ಬೇಸ್ ಬರುತ್ತದೆ, ಗೆರೆಯೇ ಇಲ್ಲದ್ದೂ ಬರುತ್ತದೆ. ಗೆರೆ ಇಲ್ಲದ್ದು ನೋಡಲು ಚೆಂದ. ಪಿಟೀಲಿಗೆ ಗೆರೆ ಇದೆಯಾ? ಪಿಟೀಲು ಚೌಡಯ್ಯನವರು ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ ಏಳು ತಂತಿ ಕಟ್ಟಿ ನುಡಿಸಿದ ಊರು ನಮ್ಮದು, ನಾನು ಗೆರೆ ನೋಡಿ ಐದು ತಂತಿ ನುಡಿಸುವುದಾ ಅಂತ ಮೀಸೆ ತಿರುವಿಕೊಂಡೆ. ಗೆರೆ ಇಲ್ಲದ ಒಂದನ್ನು ಎತ್ತಿ ನುಡಿಸಿದೆ. ಅಂಗಡಿಯ ಹುಡುಗ ಸುಮ್ನೆ ಶ್ರುತಿ ತೋರಿಸುವ ಟ್ಯೂನರ್ ತಂದು ಮುಂದಿಟ್ಟ. ಮುಳ್ಳು ಒಂದು ಕಡೆ ನಿಲ್ಲಲಿಲ್ಲ. ಅದರ ಅಂಚಿನ ಚುಕ್ಕೆಗಳು ಸ್ವರದ ಜಾಗದಲ್ಲೇ ಇದ್ದವು. ನನ್ನ ಹಳೇ ಬೇಸ್‌ನಲ್ಲಿ ಚುಕ್ಕೆ ಎರಡು ಫ್ರೆಟ್ಟಿನ ನಡುವೆ ಇರುತ್ತದೆ. ಕೈ ಹಳೇ ಲೆಕ್ಕದಲ್ಲೇ ಅರ್ಧ ಮನೆ ಮುಂದೆ ಹೋಗುತ್ತಿತ್ತು. ಕೊಳ್ಳುವ ಮೊದಲು ಚುಕ್ಕೆ ಎಲ್ಲಿದೆ ನೋಡಿ, ದಯವಿಟ್ಟು.

ಬೆರಳು ಎಷ್ಟು ತಪ್ಪಿದರೆ ಕಿವಿಗೆ ಚುಚ್ಚುತ್ತದೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಮನೆಯನ್ನು ನೂರು ಪಾಲು ಮಾಡಿ. ಮೊದಲ ಮನೆಯಲ್ಲಿ ಬೆರಳು 2 ಮಿ.ಮೀ. ಸರಿದರೆ ನಾಲ್ಕು ಪಾಲು ತಪ್ಪುತ್ತದೆ. ಹನ್ನೆರಡರ ಆಚೆ ಮನೆಗಳು ಅರ್ಧಕ್ಕರ್ಧ ಕಿರಿದು, ಅದೇ 2 ಮಿ.ಮೀ.ಗೆ ಎಂಟು ಪಾಲು. ಕೆಳಗೆ ನುಡಿಸುವವನಿಗೆ ಕ್ಷಮೆ ಇದೆ, ಮೇಲೆ ಹೋದವನಿಗಿಲ್ಲ. ಗೆರೆ ಇರುವುದನ್ನೇ ಕೊಳ್ಳೋಣ ಅಂತ ಅಂದೇ ತೀರ್ಮಾನಿಸಿದೆ. ಪೆಂಡಾಲಿನ ಬಣ್ಣದ ಲೈಟಿನಲ್ಲಿ ನಿಂತು ನುಡಿಸುವವನಿಗೆ ಗೆರೆ ಅಂದರೆ ನಾಚಿಕೆ ಯಾಕೆ? ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಫ್ರೆಟ್ಟಿರುವ ಬೇಸ್ ತಂದಾಗ, ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಅಂತಲೇ ಅದಕ್ಕೆ ಪ್ರೆಸಿಷನ್ ಅಂತ ಹೆಸರಿಟ್ಟಿತು. 1970ರಲ್ಲಿ ಅದೇ ಹೆಸರಿನಲ್ಲಿ ಫ್ರೆಟ್ಟಿಲ್ಲದ್ದನ್ನೂ ಮಾರಿತು! ಒಂದು ವಿಷಯ ಮಾತ್ರ ನೆನಪಿರಲಿ. ಬೆರಳನ್ನು ಗೆರೆಯ ಹಿಂದೆ ಅಲ್ಲ, ಸರಿಯಾಗಿ ಗೆರೆಯ ಮೇಲೇ ಇಡಬೇಕು.

ಎರಡನೇ ಶನಿವಾರ ಬೇಕಾದ ಬೇಸ್ ಸಿಕ್ಕಿತು. ಚರ್ಚಿನಲ್ಲಿ ನುಡಿಸುವ ಒಬ್ಬರು ತಮ್ಮ ಬೇಸನ್ನು ಮಾರುತ್ತಿದ್ದರು. ಎರಡು ವರ್ಷ ಹಳೆಯದು, ಜಾಝ್ ಬೇಸ್ ಮಾದರಿ, ಗೆರೆ ಇದೆ, 34 ಇಂಚು. ನಲವತ್ತೆಂಟು ಸಾವಿರ ಹೇಳಿದರು, ನಲವತ್ತೈದಕ್ಕೆ ಕೊಟ್ಟರು. ಕಂಪನಿ ಯಾವುದು ಅಂತ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಅದೇ ಬೇಕು ಅಂತ ಹುಡುಕುತ್ತೀರಿ. ಈ ಬೆಲೆಯಲ್ಲಿ ಒಂದೇ ಮಾದರಿಯ ಎರಡು ಬೇಸ್‌ಗಳ ಬಿ ತಂತಿ ಒಂದೇ ಥರ ಇರುವುದಿಲ್ಲ. ಕಿವಿ ಒತ್ತಿಟ್ಟಾಗ ಐದನೇ ಮನೆಯ ಇ ಸ್ಪಷ್ಟವಾಗಿ ಮೊಳಗಿತು. ಅಷ್ಟೇ ನೋಡಿದ್ದು.

ಫಿಂಗರ್‌ಬೋರ್ಡ್ ಬೀಟೆ ಮರದ್ದು. ಮಂಡಿ ಮೊಹಲ್ಲಾದ ಕಡೆ ಬೀಟೆಯಲ್ಲಿ ಕೆತ್ತನೆ ಕೂರಿಸುವ ಪರಿಚಯದವರೊಬ್ಬರಿದ್ದಾರೆ. ತೋರಿಸಿದೆ. ಉಗುರಲ್ಲಿ ಒತ್ತಿ ನೋಡಿ, ‘ಒಳ್ಳೇ ಮರ ಸಾರ್, ಆದ್ರೆ ಕಬ್ಬಿಣದ ತಂತಿ ಉಜ್ಜಿದ್ರೆ ಸವೀತದೆ’ ಅಂದರು. ಅದೇ ಮುಂದಿನ ತಲೆನೋವು. ಬೇಸ್ ಜೊತೆ ಬಂದದ್ದು ರೌಂಡ್‌ವೌಂಡ್ ತಂತಿ, ಹೊರಗೆ ದುಂಡು ತಂತಿ ಸುತ್ತಿರುವುದು. ದನಿ ಖಣಿಖಣಿ, ಆದರೆ ಹಲಗೆಗೆ ಅರದ ಹಾಗೆ. ಫ್ರೆಟ್‌ಲೆಸ್ ಬೇಸ್‌ಗೆ ಹೆಸರಾದ ಅಮೆರಿಕದ ಜಾಕೋ ಪ್ಯಾಸ್ಟೋರಿಯಸ್ ಇದಕ್ಕೇ ಹಲಗೆಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡಿದ್ದರು. ನನಗೆ ಆ ಧೈರ್ಯ ಇಲ್ಲ. ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ಹಾಕಿದೆ. ಹಲಗೆ ಉಳಿಯಿತು, ದನಿ ಮಂಕಾಯಿತು. ನಾಲ್ಕು ತಿಂಗಳ ಮೇಲೆ ಎರಡರ ನಡುವಿನ ಹಾಫ್‌ರೌಂಡ್‌ಗೆ ಬಂದೆ. ಅದರಲ್ಲೇ ಇದ್ದೇನೆ.

ಫ್ರೆಟ್‌ಲೆಸ್ ಕೊಳ್ಳುವವರೆಲ್ಲ ಆಸೆಪಡುವ ಆ ಮ್ವಾ ಅನ್ನುವ ದನಿ ಮೊದಲ ತಿಂಗಳು ಬರಲೇ ಇಲ್ಲ. ಅತ್ತೆಯ ಮನೆಯಲ್ಲಿ ಅವರು ತಂಬೂರಿಗೆ ಜೀವಾಳ ಕೂರಿಸುತ್ತಿದ್ದರು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನೆಳೆ ಸರಿಸುತ್ತಾ, ಒಂದು ಜಾಗದಲ್ಲಿ ತಂತಿ ಝೇಂ ಅಂತ ಅರಳಿತು. ಆಗ ಹೊಳೆಯಿತು. ಇದೂ ಅದೇ. ತಂತಿ ಹಲಗೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿದರೆ ಮಾತ್ರ ಆ ದನಿ. ನನ್ನ ತಂತಿಗಳು ಬಹಳ ಎತ್ತರದಲ್ಲಿದ್ದವು. ನೆಕ್ಕಿನೊಳಗಿನ ಟ್ರಸ್ ರಾಡ್ ಅನ್ನುವ ಕಂಬಿಯನ್ನು ಕಾಲು ಸುತ್ತು ಬಿಗಿ ಮಾಡಿಸಿ ನೆಕ್ಕನ್ನು ಹೆಚ್ಚುಕಮ್ಮಿ ನೇರ ಮಾಡಿಸಿದೆ. ತಲೆಯ ಬಳಿ ತಂತಿಗಳು ಕೂರುವ ಪಟ್ಟಿ, ನಟ್ಟು ಅನ್ನುತ್ತಾರೆ, ಅದರ ಸಂದುಗಳನ್ನು ಆಳ ಮಾಡಿಸಿದೆ, ತಂತಿಯ ಅಡಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಹಿಂದಿನ ಪಿಕಪ್ ಜಾಸ್ತಿ ಮಾಡಿ, ಕುದುರೆಯ ಹತ್ತಿರ ಮೆತ್ತಗೆ ಮೀಟಿದೆ. ಡಿ ತಂತಿ ಹಾಡಿತು. ಬಿ ತಂತಿಯ ಮೇಲೆ ಮಾತ್ರ ಆ ದನಿಗೆ ಆಸೆಪಡಬೇಡಿ. ಅದು ಅಗಲವಾಗಿ ಕಂಪಿಸುತ್ತದೆ, ಅಷ್ಟು ತಗ್ಗಿಸಿದರೆ ಬಡಿಯುತ್ತದೆ. ನಾನು ಅದೊಂದನ್ನು ಸ್ವಲ್ಪ ಎತ್ತರಕ್ಕೇ ಬಿಟ್ಟಿದ್ದೇನೆ.

ಒಳಗೆ ಬ್ಯಾಟರಿ ಇರುವ ಬೇಸ್ ಆದರೆ ಚೀಲದಲ್ಲಿ ಇನ್ನೊಂದು 9 ವೋಲ್ಟ್ ಇಟ್ಟುಕೊಳ್ಳಿ. ಮದುವೆಯೊಂದರಲ್ಲಿ ಆರತಕ್ಷತೆಯ ನಡುವೆ ನನ್ನ ಬೇಸ್‌ನ ದನಿ ಗೊಗ್ಗರಾಗಿ ಹೋಯಿತು, ಅಷ್ಟು ಹೇಳಿದರೆ ಸಾಕು.

ಈಗ ಒಂದು ವರ್ಷ ಆಯಿತು. ಮಾರ್ಚ್ ಬಿಸಿಲಿಗೆ ನೆಕ್ಕು ಒಂದು ಕಡೆ ಎಳೆಯುತ್ತದೆ, ಜೂನ್ ಮಳೆಗೆ ಇನ್ನೊಂದು ಕಡೆ. ಟ್ರಸ್ ರಾಡ್ ತಿರುಗಿಸುವ ಅಲೆನ್ ಕೀ ಚೀಲದಲ್ಲೇ ಇರುತ್ತದೆ. ಗಾಯಕರು ಕಳೆದ ವಾರ ಫೋನ್ ಮಾಡಿ, ಒಂದು ಹಾಡನ್ನು ಬಿಗೆ ಇಳಿಸೋಣವಾ ಅಂದರು. ಇಳಿಸಿ ಸಾರ್, ಬಿಟ್ಟ ತಂತಿಯೇ ಇದೆ ಅಂದೆ.