ಕೊನೆಯ 12 ದಿನ ಸೈಕಲ್ ಕಮ್ಮಿ ಮಾಡಿದೆ, ಮೂರನೆಯವನಾಗಿ ಬಂದೆ

ಗದಗ ಕಡೆಯ ಗುಡ್ಡದಲ್ಲಿ ನಡೆದ ಎಂಟಿಬಿ (ಮೌಂಟನ್ ಬೈಕ್) ರೇಸಿನಲ್ಲಿ ಈ ಸಲ 40 ದಾಟಿದವರ ವಿಭಾಗದಲ್ಲಿ ಮೂರನೆಯವನಾಗಿ ಬಂದೆ. 5 ಸುತ್ತು, ಸುತ್ತಿಗೆ ಸುಮಾರು 5 ಕಿಲೋಮೀಟರ್. 1 ಗಂಟೆ 13 ನಿಮಿಷ ಚಿಲ್ಲರೆ. ಹೋದ ವರ್ಷ ಇದೇ ಟ್ರ್ಯಾಕಿನಲ್ಲಿ 14ನೆಯವನಾಗಿದ್ದೆ. ಆಗ ಹೆಚ್ಚುಕಮ್ಮಿ 9 ನಿಮಿಷ ಜಾಸ್ತಿ ಹಿಡಿದಿತ್ತು. ಅದರ ಹಿಂದಿನ ವರ್ಷ ಮೂರನೇ ಸುತ್ತಿಗೇ ಪಂಕ್ಚರ್. ಸೈಕಲ್ ಹೆಗಲ ಮೇಲಿಟ್ಟುಕೊಂಡು ವಾಪಸ್ ನಡೆದಿದ್ದೆ.

ಈ ಸಲದ ತಯಾರಿ ನೋಡಿ ಹುಬ್ಬಳ್ಳಿಯ ಗೆಳೆಯರೆಲ್ಲ ತಲೆ ಅಲ್ಲಾಡಿಸಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ವಾರಕ್ಕೆ 5 ದಿನ, ದಿನಾ ಒಂದೇ ಅಳತೆಯಲ್ಲಿ ತುಳಿಯುತ್ತಿದ್ದೆ. ರೇಸಿನ ಹಿಂದಿನ ಶುಕ್ರವಾರದವರೆಗೂ ಬಿಡುತ್ತಿರಲಿಲ್ಲ. ಈ ಸಲ ಶುಕ್ರ, ಶನಿ, ಭಾನುವಾರ ಸಾಲಾಗಿ ಮೂರು ದಿನ ಹೊಡೆದೆ. ಶುಕ್ರವಾರ ನಸುಕಿನಲ್ಲಿ ನೃಪತುಂಗ ಬೆಟ್ಟ. ಅದರ ಏರು ಚಿಕ್ಕದು, ಆದರೆ ನಡುವೆ ನಿಲ್ಲದೆ 10 ಸಲ ಹತ್ತಿದರೆ ಗೊತ್ತಾಗುತ್ತದೆ. ಶನಿವಾರ ಕಲಘಟಗಿ ಕಡೆಯ ಮಣ್ಣಿನ ದಾರಿಯಲ್ಲಿ 3 ಗಂಟೆ. ಭಾನುವಾರ ದಣಿದ ಕಾಲಿನಲ್ಲೇ ಮತ್ತೆ 4 ಗಂಟೆ. ಸೋಮವಾರ, ಮಂಗಳವಾರ ಸೈಕಲ್ ಮುಟ್ಟುತ್ತಿರಲಿಲ್ಲ. ಬುಧವಾರ, ಗುರುವಾರ ಹಗುರ. ಹೀಗೆ 11 ವಾರ. ಜೋರಿನ ವಾರಗಳಲ್ಲಿ 13 ಗಂಟೆಯವರೆಗೂ ಹೋಗಿತ್ತು. ಬ್ಯಾಂಕಿನ ಕೆಲಸ, ಇಬ್ಬರು ಮಕ್ಕಳು ಇಟ್ಟುಕೊಂಡು ಇದು ಕಮ್ಮಿಯೇನಲ್ಲ.

ಎರಡು ಸಲ ಕೆಟ್ಟಿತು. ನಾಲ್ಕನೇ ವಾರ ಬಲ ಮೊಣಕಾಲಿನ ಮುಂದೆ ಚುಚ್ಚಲು ಶುರುವಾಯಿತು. ಸೀಟು ತಗ್ಗಿದೆ ಅನ್ನಿಸಿ 4-5 ಮಿಲಿಮೀಟರ್ ಏರಿಸಿದೆ. ಒಂದು ವಾರದಲ್ಲಿ ನೋವು ಹೋಯಿತು. ಏಳನೇ ವಾರ ಜ್ವರ. ಅದು ಬರುವ ಮೂರು ದಿನ ಮೊದಲೇ ದೇಹ ಹೇಳಿತ್ತು, ನಾನೇ ಕೇಳಲಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ ನನ್ನ ನಾಡಿಬಡಿತ 48ರ ಆಸುಪಾಸು. ಆಗ 56, 57 ತೋರಿಸುತ್ತಿತ್ತು. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: 6 ಬಡಿತ ಜಾಸ್ತಿ ಕಂಡರೆ ಆ ದಿನ ಸೈಕಲ್ ಹೊರಗೆ ತೆಗೆಯಬಾರದು. ಯಾರು ಕಾಯುತ್ತಿದ್ದರೂ ಸರಿ.

ಜಗಳ ಶುರುವಾಗಿದ್ದು ಕೊನೆಯ 12 ದಿನಕ್ಕೆ. ಗಂಟೆಗಳನ್ನು ಅರ್ಧಕ್ಕಿಂತ ಕೆಳಗಿಳಿಸಿದೆ. ಜೊತೆಗೆ ತುಳಿಯುವ ಹುಡುಗನೊಬ್ಬ ಮನೆಗೇ ಬಂದ. "ಅಣ್ಣಾರ, ರೇಸಿಗೆ ಎರಡ ವಾರ ಸೈತ ಇಲ್ರಿ. ಈಗ ಬಿಟ್ರ ಕಾಲು ಜಡ್ಡ ಬೀಳ್ತಾವ." ಅವನ ಮಾತಿನಲ್ಲೂ ಅರ್ಧ ಸತ್ಯವಿದೆ. ಪೂರ್ತಿ ಬಿಟ್ಟರೆ ಕಾಲು ಜಡ ಬೀಳುತ್ತದೆ. ನಾನು ಬಿಟ್ಟಿದ್ದು ದೂರವನ್ನು, ಜೋರನ್ನಲ್ಲ. ದಿನ ಬಿಟ್ಟು ದಿನ 50 ನಿಮಿಷ, ಅದರಲ್ಲಿ 20 ಸೆಕೆಂಡಿನ ಜೋರು ಓಟ 6 ಸಲ, ಅಷ್ಟೇ. ಎಂಟನೇ ದಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗಲೇ ಕಾಲು ಬೇರೆ ಥರ ಇತ್ತು. ಆ ಹಗುರ ನನಗೆ ಎಷ್ಟೋ ವರ್ಷದಿಂದ ಗೊತ್ತೇ ಇರಲಿಲ್ಲ.

ಆ 20 ಸೆಕೆಂಡಿನ ಓಟಗಳನ್ನು ನಿಂತ ಜಾಗದಿಂದಲೇ ಮಾಡಿದೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನಲ್ಲಿ. ಎರಡನೇ ಶೂ ಪೆಡಲಿನ ಕೊಂಡಿಗೆ 'ಟಕ್' ಅಂತ ಕೂರುವುದಕ್ಕೆ ಕೆಳಗೆ ನೋಡಬಾರದು. ಗದಗದ ಆ ಟ್ರ್ಯಾಕಿನಲ್ಲಿ 300 ಮೀಟರಿಗೇ ದಾರಿ ಕಿರಿದಾಗುತ್ತದೆ. ಅಲ್ಲಿ ಹಿಂದೆ ಬಿದ್ದರೆ ಮುಂದಿನವನ ಹಿಂದಿನ ಚಕ್ರ ನೋಡುತ್ತಾ ಕೂರಬೇಕು. ಹೋದ ವರ್ಷ ನಾನು ಕಳೆದುಕೊಂಡದ್ದರಲ್ಲಿ ಎರಡು ನಿಮಿಷ ಅಲ್ಲೇ ಹೋಗಿದ್ದು.

ಇನ್ನು ದುಡ್ಡಿನ ವಿಷಯ. ಸೈಕಲ್ ಸೆಕೆಂಡ್ ಹ್ಯಾಂಡ್, ಮುಂದೆ ಮಾತ್ರ ಸಸ್ಪೆನ್ಶನ್ ಇರುವ 29 ಇಂಚಿನ ಚಕ್ರದ ಹಾರ್ಡ್‌ಟೇಲ್, 65 ಸಾವಿರ. ಎರಡು ವರ್ಷದ ಹಿಂದೆ ಆಸೆಪಟ್ಟು ಹಳೇ ಕಾರ್ಬನ್ ಚಕ್ರಕ್ಕೆ 38 ಸಾವಿರ ಸುರಿದಿದ್ದೆ. ಎರಡೇ ತಿಂಗಳಿಗೆ ರಿಮ್ ಸೀಳಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆನ್‌ಲೈನ್ ಕೋಚ್ ಒಬ್ಬರಿಗೆ ತಿಂಗಳಿಗೆ 4 ಸಾವಿರದಂತೆ ಮೂರು ತಿಂಗಳು ಕೊಟ್ಟೆ. ಬಂದ ತಾಲೀಮಿನ ಪಟ್ಟಿ ಗೆಳೆಯನಿಗೆ ಬಂದ ಪಟ್ಟಿಯದೇ ನಕಲು. ಈ ವರ್ಷ ಫೋರ್ಕ್ ಸರ್ವಿಸ್, ಚೈನ್, ಟೈರ್ ಎಲ್ಲ ಸೇರಿ 17-18 ಸಾವಿರ ಆಗಿರಬಹುದು. ನಿಮಗೇನಾದರೂ ದುಡ್ಡು ಉಳಿದಿದ್ದರೆ ಮೊದಲು ಟೈರಿಗೆ ಹಾಕಿ.

ಯಾಕೆಂದರೆ ನಮ್ಮ ಕಡೆ ಬಳ್ಳಾರಿ ಜಾಲಿ ಇದೆ. ಅಣ್ಣಿಗೇರಿ ಹೊಲಗಳ ಚಕ್ಕಡಿ ದಾರಿಯಲ್ಲಿ ಒಂದು ಬೆಳಿಗ್ಗೆ ಸುತ್ತಿದರೆ ಐದಾರು ಮುಳ್ಳು ಗ್ಯಾರಂಟಿ. ಮಳೆ ಬಿದ್ದ ಮರುದಿನವಂತೂ ಆ ಎರೆ ಮಣ್ಣಿಗೆ ಇಳಿಯಲೇಬೇಡಿ, ಚಕ್ರವೇ ತಿರುಗುವುದಿಲ್ಲ. ಟ್ಯೂಬ್‌ಲೆಸ್ ಮಾಡಿಸಿದ್ದರೂ ಬೇಸಿಗೆಯ ಬಿಸಿಲಿಗೆ ಸೀಲಂಟ್ (ಟೈರಿನೊಳಗೆ ಹಾಕುವ, ತೂತು ತಾನೇ ಮುಚ್ಚುವ ದ್ರವ) ಎರಡು ತಿಂಗಳಲ್ಲಿ ಒಣಗಿ ಚೂರಾಗುತ್ತದೆ. ಹೊರದೇಶದ ಬಾಟಲಿ ಸಾವಿರದ ಮೇಲೆ. ಹಾಗಾಗಿ ಮನೆಯಲ್ಲೇ ಮಾಡಿದೆ. ರಬ್ಬರ್ ಹಾಲು, ಕಾರಿನ ಕೂಲಂಟ್, ನೀರು, ಮಕ್ಕಳ ಕ್ರಾಫ್ಟಿನ ಮಿನುಗು ಪುಡಿ. ಮೊದಲ ಸಲ ಗಟ್ಟಿಯಾಗಿ ಟೈರಿನೊಳಗೆ ಚೆಂಡು ಕಟ್ಟಿತು. ಎರಡನೇ ಸಲ ನೀರಾಗಿ ಸೋರಿತು. ನಾಲ್ಕನೇ ಸಲ ಸರಿಹೋಯಿತು. ಅಳತೆ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಗಾಳಿ ಮುಂದೆ 21, ಹಿಂದೆ 23 ಪಿಎಸ್‌ಐ. ನನ್ನ ತೂಕ 67 ಕೆಜಿ.

ತಿನ್ನುವುದರಲ್ಲೂ ಪ್ರಯೋಗ ಮಾಡಿದೆ. ಶೇಂಗಾ ಉಂಡಿ ದೂರದ ಸವಾರಿಗೆ ಒಳ್ಳೆಯದು, ರೇಸಿಗಲ್ಲ. ಏರಿನಲ್ಲಿ ಗಂಟಲಿಗೆ ಅಂಟುತ್ತದೆ. ಮುಕ್ಕಾಲು ಲೀಟರ್ ನೀರಿಗೆ 60-70 ಗ್ರಾಂ ಬೆಲ್ಲ, ಅರ್ಧ ನಿಂಬೆ, ಎರಡು ಚಿಟಿಕೆ ಉಪ್ಪು. ಸೋಸಿ ಹಾಕಿದೆ. ರೇಸಿಗೆ ಒಂದೇ ಬಾಟಲಿ ಸಾಕಾಯಿತು. ಶಕ್ತಿಗೆ ತಿನ್ನುವ ನೂರು ರೂಪಾಯಿಯ ಜೆಲ್ ಜೇಬಿನಲ್ಲೇ ಉಳಿಯಿತು.

ರೇಸಿನ ದಿನ 40 ನಿಮಿಷ ವಾರ್ಮ್ ಅಪ್ ಮಾಡಿದೆ. ಅದರಲ್ಲಿ ಏನು ಮಾಡಿದೆ ಅನ್ನುವುದನ್ನು ಮುಂದಿನ ವರ್ಷ ಗೆದ್ದ ಮೇಲೆ ಹೇಳುತ್ತೇನೆ. ಕಿರಿದಾರಿಗೆ ಏಳನೆಯವನಾಗಿ ನುಗ್ಗಿದೆ. ಮೊದಲ ಎರಡು ಸುತ್ತು ಮುಂದಿನವರು ಓಡಿದರೂ ಬೆನ್ನು ಹತ್ತಲಿಲ್ಲ, ನಾಡಿ 170 ದಾಟಲು ಬಿಡಲಿಲ್ಲ. ಮೂರನೇ ಸುತ್ತಿನಲ್ಲಿ ಅವರು ಒಬ್ಬೊಬ್ಬರಾಗಿ ಏರಿನಲ್ಲಿ ಸಿಗತೊಡಗಿದರು.

ನಾಲ್ಕನೇ ಸುತ್ತಿನ ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರದಿಂದ 'ಸ್ಸ್ ಸ್ಸ್' ಅಂತ ಸದ್ದು ಬಂತು. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಮೀನಖಂಡಕ್ಕೆ ತಣ್ಣಗೆ ಹನಿ ಸಿಡಿಯುತ್ತಿತ್ತು. ಎದೆ ಧಸಕ್ ಅಂತು. ಆದರೂ ತುಳಿಯುವುದು ನಿಲ್ಲಿಸಲಿಲ್ಲ, ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತು, ಹತ್ತು... ಹದಿಮೂರಕ್ಕೆ ಸದ್ದು ನಿಂತಿತು. ಕೊನೆಯ ಏರಿನಲ್ಲಿ ಇನ್ನೊಬ್ಬರನ್ನು ದಾಟಿದೆ.

ಮನೆಗೆ ಬಂದು ಮೀನಖಂಡ ನೋಡಿಕೊಂಡರೆ ಬಿಳಿ ಚುಕ್ಕೆಗಳು, ಅದರಲ್ಲಿ ಮಗಳ ಮಿನುಗು ಪುಡಿ. ಟೈರ್ ಬಿಚ್ಚಿ ಎಣಿಸಿದೆವು. 19 ಮುಳ್ಳು. ಏಪ್ರಿಲ್ ಬಿಸಿಲಿನಲ್ಲಿ ಈ ಸೀಲಂಟ್ ಎಷ್ಟು ದಿನ ತಡೆಯುತ್ತದೆ ಅಂತ ನೋಡಲು ಹಳೇ ಟೈರಿಗೆ ಹಾಕಿ ಮಾಳಿಗೆ ಮೇಲೆ ಇಟ್ಟಿದ್ದೇನೆ.