ನೌಕಾಕದನದ ಹೊಸ ಆವೃತ್ತಿ: ದುಡ್ಡು ಬಿಚ್ಚುವ ಮುನ್ನ ಮೇಜಿನ ಮೇಲೆ ಪರೀಕ್ಷಿಸಿ

ಚೌಕಾಬಾರಕ್ಕೆ ಹೊಸ ಆವೃತ್ತಿ ಬಂದದ್ದನ್ನು ಯಾರೂ ಕೇಳಿಲ್ಲ. ನಾಲ್ಕು ಕವಡೆ, ಒಂದು ತುಂಡು ಸೀಮೆಸುಣ್ಣ ಇದ್ದರೆ ಆಟ ಶುರು. ಪುಟ್ಟ ಬಾಹ್ಯಾಕಾಶ ನೌಕೆಗಳನ್ನು ಮೇಜಿನ ಮೇಲೆ ಓಡಿಸಿ, ದಾಳ ಉರುಳಿಸಿ ಕಾದಾಡುವ ಆಟಗಳ ಪಾಡು ಬೇರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಪ್ರಕಾಶಕರು ನಿಯಮಗಳನ್ನು ತಿದ್ದಿ ಹೊಸ ಪೆಟ್ಟಿಗೆ ತರುತ್ತಾರೆ. ತುಮಕೂರಿನಲ್ಲಿ ಕುಳಿತು ಅದನ್ನು ತರಿಸಿಕೊಳ್ಳುವವರು ಆಟದ ಬೆಲೆಯ ಮೇಲೆ ಸಾಗಣೆ ವೆಚ್ಚವನ್ನೂ ಆಮದು ಸುಂಕವನ್ನೂ ತೆರಬೇಕು. ಆದ್ದರಿಂದ ಪರೀಕ್ಷೆಯೆಲ್ಲ ಕೊಳ್ಳುವ ಮೊದಲೇ ಮುಗಿಯಬೇಕು. ಇದಕ್ಕೆ ಬೇಕಾದದ್ದು ಒಂದೆರಡು ಭಾನುವಾರ ಮತ್ತು ಸ್ವಲ್ಪ ಜಿಪುಣತನ.

ಹಂತ 1: ಹಳೆಯದರ ಮೇಲಿನ ದೂರು ಬರೆದಿಡಿ

ಹೊಸ ನಿಯಮ ಪುಸ್ತಕವನ್ನು ಓದುವುದಕ್ಕೂ ಮೊದಲು ಹಳೆಯ ಆಟದಲ್ಲಿ ನಿಮಗೆ ಕಿರಿಕಿರಿ ಮಾಡಿದ್ದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೊಸದನ್ನು ಓದಿದ ಮೇಲೆ ಬರೆದರೆ ಜಾಹೀರಾತಿನ ದೂರುಗಳೇ ನಿಮ್ಮ ದೂರುಗಳಾಗಿಬಿಡುತ್ತವೆ. ಹೊಸ ಆವೃತ್ತಿಯೊಂದು ಹಳೆಯದರ ಯಾವ ಕಾಯಿಲೆಗೆ ಮದ್ದು ಕೊಡುತ್ತದೆ ಎಂಬುದೊಂದೇ ನನ್ನ ಮಟ್ಟಿಗೆ ಅಳತೆಗೋಲು. ಮಿರುಗುವ ಚಿತ್ರಗಳಿಗೆ ನಾನು ಅಂಕ ಕೊಡುವುದಿಲ್ಲ.

ಉದಾಹರಣೆಗೆ, 2012ರಲ್ಲಿ ಬಂದ 'ಸ್ಟಾರ್ ವಾರ್ಸ್: ಎಕ್ಸ್-ವಿಂಗ್' ಆಟವನ್ನು ನೋಡಿ. ಅದರಲ್ಲಿ ತಿರುಗುವ ಫಿರಂಗಿಯಿದ್ದ ದೊಡ್ಡ ನೌಕೆಗಳು ಯಾವ ದಿಕ್ಕಿಗೆ ಮೂತಿ ಮಾಡಿದ್ದರೂ ಸುತ್ತಲಿನ ಯಾರಿಗೆ ಬೇಕಾದರೂ ಗುಂಡು ಹಾರಿಸಬಹುದಿತ್ತು. ಎದುರಾಳಿಯ ಬೆನ್ನಿಗೆ ಬೀಳಲು ನೀವು ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮ. 2018ರ ಎರಡನೆಯ ಆವೃತ್ತಿ ಆ ಫಿರಂಗಿಗೆ ದಿಕ್ಕು ತೋರಿಸುವ ಗುರುತೊಂದನ್ನು ಇಟ್ಟಿತು. ಅದನ್ನು ತಿರುಗಿಸಬೇಕಾದರೆ ಆ ಸುತ್ತಿನ ಒಂದು ಕ್ರಿಯೆಯನ್ನು ಖರ್ಚು ಮಾಡಬೇಕು. ಒಂದು ರಟ್ಟಿನ ತುಂಡಿನಿಂದ ಚಾಲನೆಯ ಜಾಣ್ಮೆಗೆ ಮತ್ತೆ ಬೆಲೆ ಬಂತು. ನಿಮ್ಮ ಹಾಳೆಯ ದೂರುಗಳಲ್ಲಿ ಒಂದಕ್ಕಾದರೂ ಇಂಥ ಉತ್ತರ ಸಿಗದಿದ್ದರೆ ಮುಂದಿನ ಹಂತಗಳ ಅಗತ್ಯವೇ ಇಲ್ಲ.

ಹಂತ 2: ಹಳೆಯ ನೌಕೆಗಳ ಗತಿಯೇನು?

ಎಕ್ಸ್-ವಿಂಗ್ ಎರಡನೆಯ ಆವೃತ್ತಿ ಬಂದಾಗ ಹಳೆಯ ಬೊಂಬೆಗಳು ಮೂಲೆಗೆ ಬೀಳಲಿಲ್ಲ. ಆಟದ ಪ್ರತಿ ಬಣಕ್ಕೂ, ಅಂದರೆ ಕಾದಾಡುವ ಪ್ರತಿ ಪಕ್ಷಕ್ಕೂ, ಹೊಸ ಕಾರ್ಡು ಮತ್ತು ನೌಕೆಯ ಚಲನೆಯನ್ನು ಗುಟ್ಟಾಗಿ ಆರಿಸುವ ಡಯಲುಗಳಿದ್ದ ಪರಿವರ್ತನಾ ಪೆಟ್ಟಿಗೆ ಸಿಗುತ್ತಿತ್ತು. ಒಂದೇ ಬಣ ಇಟ್ಟುಕೊಂಡವರಿಗೆ ಅದು ಸಲೀಸು. ಎಲ್ಲ ಬಣಗಳನ್ನೂ ಕೂಡಿಹಾಕಿದವರ ಜೇಬಿಗೆ ಕತ್ತರಿ. ಅದೇ ಆವೃತ್ತಿಯಲ್ಲಿ ನೌಕೆಗಳ ಅಂಕಬೆಲೆಯನ್ನು (ತಂಡ ಕಟ್ಟುವಾಗ ಪ್ರತಿ ನೌಕೆಗೆ ತೆರಬೇಕಾದ ಅಂಕ) ಕಾರ್ಡಿನಿಂದ ತೆಗೆದು ಮೊಬೈಲ್ ಆ್ಯಪ್‌ಗೂ ಪ್ರತ್ಯೇಕ ಪಟ್ಟಿಗೂ ಸಾಗಿಸಿದರು. ಬೇಕಾದಾಗ ತಿದ್ದಲು ಅನುಕೂಲ ನಿಜ, ಆದರೆ ಪ್ರಕಾಶಕರು ಕೈಬಿಟ್ಟರೆ? 2024ರಲ್ಲಿ ಆ ಆಟಕ್ಕೆ ಹೊಸದೇನನ್ನೂ ತರುವುದಿಲ್ಲವೆಂದು ಪ್ರಕಾಶಕರು ಘೋಷಿಸಿಯೂಬಿಟ್ಟರು. ಈಗ ಆಟಗಾರರೇ ಅದನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಆದ್ದರಿಂದ ಅಂತರ್ಜಾಲದ ಹಂಗಿಲ್ಲದೆ ಆಡಬಹುದೇ ಎಂದು ನೋಡಿ. ಪಟ್ಟಿ ಸಿಕ್ಕರೆ ಕೂಡಲೇ ಒಂದು ಪ್ರತಿ ಮುದ್ರಿಸಿಟ್ಟುಕೊಳ್ಳಿ.

ಹಂತ 3: ದಾಳದ ಲೆಕ್ಕ ಹಾಕಿ

ಇದನ್ನು ಯಾರೂ ಮಾಡುವುದಿಲ್ಲ, ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ಲೆಕ್ಕ ಕಲಿಯಲು 'ಫುಲ್ ಥ್ರಸ್ಟ್' ಎಂಬ ಬ್ರಿಟಿಷ್ ಆಟ ಅನುಕೂಲಕರ. ನಿಯಮ ಪುಸ್ತಕ ಉಚಿತವಾಗಿ ಸಿಗುತ್ತದೆ, ಯಾವ ಬೊಂಬೆಯಾದರೂ ನಡೆಯುತ್ತದೆ, ಲೂಡೊ ದಾಳಗಳೇ ಸಾಕು. ಅದರ ಕಿರಣಾಸ್ತ್ರಕ್ಕೆ ದಾಳದಲ್ಲಿ 1, 2, 3 ಬಿದ್ದರೆ ಏನೂ ಇಲ್ಲ. 4 ಅಥವಾ 5 ಬಿದ್ದರೆ ಒಂದು ಪೆಟ್ಟು, 6 ಬಿದ್ದರೆ ಎರಡು ಪೆಟ್ಟು. ರಕ್ಷಣಾ ಪರದೆಯಿಲ್ಲದ ನೌಕೆಯ ಮೇಲೆ 60 ದಾಳ ಎಸೆದರೆ ಸರಾಸರಿ 40 ಪೆಟ್ಟು.

ಮುಂದೆ ಬಂದ ಪೂರಕ ಪುಸ್ತಕದಲ್ಲಿ ಒಂದು ಸಾಲು ಸೇರಿತು: 6 ಬಿದ್ದರೆ ಎರಡು ಪೆಟ್ಟಿನ ಜೊತೆಗೆ ಆ ದಾಳವನ್ನು ಮತ್ತೆ ಎಸೆದು ಬಂದ ಪೆಟ್ಟನ್ನೂ ಸೇರಿಸಿ, ಮತ್ತೆ 6 ಬಿದ್ದರೆ ಇನ್ನೊಮ್ಮೆ. ಓದುವಾಗ ಇದು ಸಣ್ಣ ಮಜವೆನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಅದೇ 60 ದಾಳಕ್ಕೆ ಈಗ 48 ಪೆಟ್ಟು, ಅಂದರೆ ಐದರಲ್ಲಿ ಒಂದು ಪಾಲು ಹೆಚ್ಚಳ! ನೌಕೆಗಳ ಒಡಲು ತಾಳುವ ಪೆಟ್ಟು ಮೊದಲಿನಷ್ಟೇ ಇದ್ದರೆ ಅವು ಬೇಗ ಸಾಯುತ್ತವೆ, ಆಟ ಬೇಗ ಮುಗಿಯುತ್ತದೆ, ಅದೃಷ್ಟದ ಏರಿಳಿತ ಜೋರಾಗುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ನಿಮ್ಮ ರುಚಿಗೆ ಬಿಟ್ಟದ್ದು. ನನಗೆ ಇಷ್ಟ, ಸೋಲುತ್ತಿರುವವನಿಗೂ ಕೊನೆಯ ದಾಳದವರೆಗೆ ಆಸೆ ಉಳಿಯುತ್ತದೆ. ನಿಮ್ಮ ಆಟದ ಎರಡೂ ಆವೃತ್ತಿಗಳಿಂದ ಸಾಮಾನ್ಯ ನೌಕೆಯೊಂದನ್ನು ಆರಿಸಿ, ಅದು ಸರಾಸರಿ ಎಷ್ಟು ಸುತ್ತು ಬದುಕುತ್ತದೆ ಎಂದು ಇದೇ ರೀತಿ ಲೆಕ್ಕ ಹಾಕಿ.

ಹಂತ 4: ಒಂದೇ ಕದನ, ಎರಡು ಸಲ

ಎರಡೆರಡು ನೌಕೆಗಳ ಪುಟ್ಟ ಕಾಳಗವೊಂದನ್ನು ಹಳೆಯ ನಿಯಮದಲ್ಲಿ ಆಡಿ, ಬಳಿಕ ಅದನ್ನೇ ಹೊಸದರಲ್ಲಿ ಆಡಿ. ಪಕ್ಷ ಬದಲಿಸಿ ಮತ್ತೊಮ್ಮೆ. ಹೊಸ ನೌಕೆಗಳಿಲ್ಲವೇ? ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಸ್ಕೆಚ್ ಪೆನ್ನಿನಿಂದ ಬಾಣ ಬರೆದರೆ ಮೂತಿ ಯಾವ ಕಡೆ ಎಂಬುದು ಗೊತ್ತಾಗುತ್ತದೆ. ಎಂ.ಜಿ. ರಸ್ತೆಯ ಯಾವುದಾದರೂ ಬಟ್ಟೆ ಅಂಗಡಿಯಲ್ಲಿ ಒಂದು ಮೀಟರ್ ಕಪ್ಪು ಬಟ್ಟೆ ತಂದರೆ ಎಕ್ಸ್-ವಿಂಗ್‌ನ ಮೂರಡಿ ಚೌಕದ ಆಕಾಶ ಸಿದ್ಧ. ಫ್ಯಾನು ಮಾತ್ರ ಆರಿಸಿ. ರಟ್ಟಿನ ಬಿಲ್ಲೆಗಳು ಹಾರಿ ಸೋಫಾದಡಿ ಸೇರಿದರೆ ಯಾರಿಗೆ ಎಷ್ಟು ಪೆಟ್ಟು ಬಿದ್ದಿತ್ತು ಎಂಬ ಜಗಳವನ್ನು ಯಾವ ಆವೃತ್ತಿಯೂ ಬಗೆಹರಿಸುವುದಿಲ್ಲ.

ಈ ಆಟ ಆಡಿಯೇ ಗೊತ್ತಿಲ್ಲದ ಒಬ್ಬರನ್ನು ಕೂರಿಸಿಕೊಳ್ಳಿ. ಕಾಲೇಜಿಗೆ ಹೋಗುವ ಅಕ್ಕನ ಮಗಳಾದರೆ ಉತ್ತಮ, ಮುಖದಾಕ್ಷಿಣ್ಯಕ್ಕೆ ಹೊಗಳುವುದಿಲ್ಲ. ಫುಲ್ ಥ್ರಸ್ಟ್‌ನಲ್ಲಿ ಎಲ್ಲರೂ ತಮ್ಮ ನೌಕೆಯ ಚಲನೆಯನ್ನು ಮೊದಲೇ ಗುಟ್ಟಾಗಿ ಚೀಟಿಯಲ್ಲಿ ಬರೆಯಬೇಕು. ಎದುರು ಬದಿಯಲ್ಲಿ ಕುಳಿತ ಹೊಸಬರು 'ಎಡಕ್ಕೆ ಎರಡು' ಎಂದು ಬರೆಯುವುದು ಎಷ್ಟೋ ಸಲ ತಮ್ಮ ಎಡಗೈಯನ್ನು ನೋಡಿಕೊಂಡು. ಚೀಟಿ ಬಿಚ್ಚಿದಾಗ ನೌಕೆ ಮೇಜಿನ ಅಂಚಿನತ್ತ ಹೊರಟಿರುತ್ತದೆ. "ಮಾವ, ಇದನ್ನು ಮೊದಲೇ ಹೇಳಬಾರದಿತ್ತೇ?" ಎಂಬ ಪ್ರಶ್ನೆ ಬರುತ್ತದಲ್ಲ, ಅಲ್ಲಿ ಪುಸ್ತಕ ತೆರೆದು ನೋಡಿ. ಎಡವೆಂದರೆ ನೌಕೆಯ ಎಡ ಎಂಬುದು ಚಿತ್ರಸಹಿತ ಮೊದಲ ಪುಟಗಳಲ್ಲೇ ಇದ್ದರೆ ಬರೆದವರು ಹೊಸಬರೊಡನೆ ಕುಳಿತು ಆಡಿದ್ದಾರೆ ಎಂದರ್ಥ.

ಗಡಿಯಾರವನ್ನೂ ಗಮನಿಸಿ. 1979ರ 'ಸ್ಟಾರ್ ಫ್ಲೀಟ್ ಬ್ಯಾಟಲ್ಸ್'ನಲ್ಲಿ ಒಂದು ಸುತ್ತಿಗೆ 32 ಸಣ್ಣ ಘಟ್ಟಗಳು, ಜೊತೆಗೆ ಪ್ರತಿ ನೌಕೆಯ ವಿದ್ಯುತ್ ಹಂಚಿಕೆಯ ಲೆಕ್ಕಪುಸ್ತಕ. ಅದನ್ನು ಪ್ರೀತಿಸುವವರು ಇದ್ದಾರೆ, ಆದರೆ ಅವರ ಭಾನುವಾರ ನಮ್ಮ ಭಾನುವಾರಕ್ಕಿಂತ ಉದ್ದ. ಅದೇ ಜಗತ್ತಿನ 'ಫೆಡರೇಷನ್ ಕಮಾಂಡರ್' 2005ರಲ್ಲಿ ಘಟ್ಟಗಳನ್ನು ಎಂಟಕ್ಕೆ ಇಳಿಸಿತು.

ಹಂತ 5: ಯಾರೊಡನೆ ಆಡುತ್ತೀರಿ?

ನಿಯಮ ಎಷ್ಟೇ ಚೆನ್ನಾಗಿದ್ದರೂ ಎದುರಿಗೆ ಕೂರುವವರು ಹಳೆಯದನ್ನೇ ಆಡುತ್ತಿದ್ದರೆ ನಿಮ್ಮ ಪೆಟ್ಟಿಗೆ ಅಟ್ಟ ಸೇರುತ್ತದೆ. ಊರಿನಲ್ಲಿರುವ ಇಬ್ಬರು ಮೂವರು ಗೆಳೆಯರು ಒಟ್ಟಿಗೆ ಬದಲಾಗಲು ಒಪ್ಪಿದರೆ ಮಾತ್ರ ಮುಂದುವರಿಯಿರಿ. ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಆಡುವವರು ಅಲ್ಲಿನ ಬಳಗ ಯಾವ ಆವೃತ್ತಿ ಹಿಡಿದಿದೆ ಎಂದು ಮೊದಲು ವಿಚಾರಿಸಲಿ.

ಎಲ್ಲ ಹಂತಗಳಲ್ಲೂ ಆಟ ಪಾಸಾದರೂ ಪೆಟ್ಟಿಗೆಗೆ ಅವಸರಪಡಬೇಡಿ. ನಿಯಮ ಪುಸ್ತಕ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಿ. ಪ್ರಕಾಶಕರ ಮೊದಲ ತಪ್ಪೊಪ್ಪೋಲೆ, ಅಂದರೆ ನಿಯಮಗಳ ತಪ್ಪುಗಳನ್ನು ತಿದ್ದುವ ಪಟ್ಟಿ, ಹೊರಬೀಳುವವರೆಗೆ ಮುಚ್ಚಳಗಳಲ್ಲೇ ಆಡುತ್ತಿರಿ. ಬಂದ ಮೇಲೆ ಅದನ್ನು ನಿಮ್ಮ ದೂರಿನ ಹಾಳೆಯ ಪಕ್ಕದಲ್ಲಿಟ್ಟು ಓದಿ. ನಿಮ್ಮ ಮೇಜಿನ ಮೇಲೆ ಜಗಳ ಎಬ್ಬಿಸಿದ ನಿಯಮಗಳು ಅದರಲ್ಲಿ ತಿದ್ದಿದ್ದರೆ ದುಡ್ಡು ಕಳುಹಿಸಿ.