ನೆಲೆ ತಪ್ಪಿದವರಿಗೆ ಮನೆ ಕಟ್ಟಲು ಹೊರದೇಶಕ್ಕೆ: ಹೊರಡುವುದು ಹೇಗೆ?

ಭೂಕಂಪಕ್ಕೋ ಯುದ್ಧಕ್ಕೋ ಸಿಕ್ಕಿ ಊರು ಬಿಟ್ಟ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ಸಂಸ್ಥೆಗಳು ಹೊರಗಿನ ಸ್ವಯಂಸೇವಕರನ್ನೂ ಕರೆಸಿಕೊಳ್ಳುತ್ತವೆ. ಎರಡು ವಾರ ರಜೆ ಹಾಕಿ ಬೆಂಗಳೂರಿನಿಂದ ಹೋಗಿಬರುವುದು ಕಷ್ಟವಲ್ಲ. ಆದರೆ ಅಲ್ಲಿ ನೀವು ಮೇಸ್ತ್ರಿಯಲ್ಲ, ಮೇಸ್ತ್ರಿಯ ಕೈಯಾಳು. ಮಣ್ಣು ಹೊರುವುದು, ಗಾರೆ ಕಲಸುವುದು, ಇಟ್ಟಿಗೆ ಸಾಗಿಸುವುದು, ನೀರು ಹೊಡೆಯುವುದು ನಿಮ್ಮ ಪಾಲಿನ ಕೆಲಸ. ಇದಕ್ಕೆ ಸಿದ್ಧರಿಲ್ಲದಿದ್ದರೆ ವಿಮಾನದ ಟಿಕೆಟ್ ದುಡ್ಡನ್ನೇ ಕಳಿಸುವುದು ಲೇಸು. ಆ ಹಣದಲ್ಲಿ ಅಲ್ಲಿನವರೇ ಒಬ್ಬರಿಗೆ ಕೂಲಿ ಸಿಗುತ್ತದೆ.

ಮೊದಲು ಜಾಗದ ಕಾಗದ ಕೇಳಿ

ಸಂಸ್ಥೆಯ ವೆಬ್‌ಸೈಟಿನಲ್ಲಿ ನಗುವ ಮಕ್ಕಳ ಫೋಟೊ ಎಷ್ಟಿದೆ ಎಂದು ನೋಡಬೇಡಿ. ‘ಮನೆ ಏಳುವ ಜಾಗ ಯಾರ ಹೆಸರಲ್ಲಿದೆ?’ ಎಂದು ಕೇಳಿ. ನೆಲೆ ತಪ್ಪಿದವರ ಮನೆಗಳು ಕೈತಪ್ಪುವುದು ಗೋಡೆ ಬಿರುಕಿನಿಂದಷ್ಟೇ ಅಲ್ಲ, ಕಾಗದವಿಲ್ಲದ ಜಾಗದಿಂದಲೂ. ಒಕ್ಕಲೆಬ್ಬಿಸಿದರೆ ಕಟ್ಟಿದ್ದೆಲ್ಲ ವ್ಯರ್ಥ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳಲ್ಲಿ ಸೂರು ಬಿದಿರು ಮತ್ತು ಟಾರ್ಪಾಲಿನದೇ ಆಗಿರುವುದಕ್ಕೆ, ಪಕ್ಕಾ ಕಟ್ಟಡಕ್ಕೆ ಸರ್ಕಾರ ಒಪ್ಪದೆ ಇದ್ದದ್ದೇ ಕಾರಣ. ಅಂಥ ಕಡೆ ‘ಕಾಂಕ್ರೀಟ್ ಮನೆ ಕಟ್ಟಿಸುತ್ತೇವೆ ಬನ್ನಿ’ ಎನ್ನುವ ಜಾಹೀರಾತು ಕಂಡರೆ ಅನುಮಾನಪಡಿ.

ಎರಡನೆಯ ಪ್ರಶ್ನೆ: ಕಟ್ಟಡದ ತೀರ್ಮಾನ ಯಾರದು? ಶ್ರೀಲಂಕಾದ ಉತ್ತರ ಭಾಗದಲ್ಲಿ ಯುದ್ಧದ ನಂತರ ಭಾರತ ಸರ್ಕಾರದ ನೆರವಿನ ಯೋಜನೆಯಲ್ಲಿ ಪ್ರತಿ ಕುಟುಂಬಕ್ಕೆ 5.5 ಲಕ್ಷ ಶ್ರೀಲಂಕಾ ರೂಪಾಯಿ ಕಂತಿನಲ್ಲಿ ಸಂದಾಯವಾಗಿ, ಮನೆಯವರೇ ಮುಂದೆ ನಿಂತು ಕಟ್ಟಿಸಿಕೊಂಡರು. ನೇಪಾಳದಲ್ಲೂ 2015ರ ಭೂಕಂಪದ ಬಳಿಕ 3 ಲಕ್ಷ ನೇಪಾಳಿ ರೂಪಾಯಿ ಮೂರು ಕಂತಿನಲ್ಲಿ ಬಂತು: ಒಪ್ಪಂದಕ್ಕೆ 50 ಸಾವಿರ, ಪಾಯ ತಪಾಸಣೆಯಾದ ಮೇಲೆ 1.5 ಲಕ್ಷ, ಗೋಡೆ ಎದ್ದ ಮೇಲೆ 1 ಲಕ್ಷ. ಇಂಥ ವ್ಯವಸ್ಥೆಯಲ್ಲಿ ಸ್ವಯಂಸೇವಕರು ನಕ್ಷೆ ಬಿಟ್ಟು ಒಂದು ಕಂಬಿ ಕಡಿಮೆ ಹಾಕಿದರೂ ತಪಾಸಣೆಯಲ್ಲಿ ನಿಂತುಹೋಗುವುದು ಆ ಕುಟುಂಬದ ಕಂತು.

ಮನೆ ಕಟ್ಟಿಕೊಡುವ ಸಂಸ್ಥೆ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ 1976ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದರ ತಂಡಗಳಲ್ಲಿ ಹೋಗುವವರು ಖರ್ಚನ್ನು ತಾವೇ ಭರಿಸಬೇಕು. ವಿಕೋಪ ಪರಿಹಾರ ಸಂಸ್ಥೆ ಆಲ್ ಹ್ಯಾಂಡ್ಸ್ ಅಂಡ್ ಹಾರ್ಟ್ಸ್ ಶುಲ್ಕ ಪಡೆಯದೆ ಊಟ, ವಸತಿ ಕೊಡುವುದಕ್ಕೆ ಹೆಸರಾಗಿದೆ, ಪ್ರಯಾಣದ ಖರ್ಚು ಮಾತ್ರ ನಿಮ್ಮದು. ಯಾವುದೇ ಸಂಸ್ಥೆ ಶುಲ್ಕ ಕೇಳಿದರೆ ಅದರಲ್ಲಿ ಸಾಮಗ್ರಿಗೆಷ್ಟು, ಮೇಸ್ತ್ರಿ ಕೂಲಿಗೆಷ್ಟು ಎಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ದಸರಾ ರಜೆಗೆ ಹೋಗಬೇಡಿ

ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ದಸರಾ, ದೀಪಾವಳಿ ರಜೆ ಜೋಡಿಸಿಕೊಂಡು ನೇಪಾಳಕ್ಕೆ ಟಿಕೆಟ್ ಮಾಡಿಸಿದರೆ, ಅಲ್ಲಿ ಅದೇ ಹೊತ್ತಿಗೆ ದಶೈಂ, ತಿಹಾರ್ ಹಬ್ಬ. ಮೇಸ್ತ್ರಿಗಳು ಊರಿಗೆ ಹೋಗಿರುತ್ತಾರೆ, ಕೆಲಸ ನಿಂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗುಡ್ಡದ ರಸ್ತೆ ಕುಸಿತ. ಡಿಸೆಂಬರ್, ಜನವರಿಯ ಚಳಿಗೆ ಎತ್ತರದ ಊರುಗಳಲ್ಲಿ ಕಾಂಕ್ರೀಟ್ ಗಟ್ಟಿಯಾಗುವುದೇ ನಿಧಾನ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿ ಹದವಾದದ್ದು.

ಕಾಗದಪತ್ರ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕೇ ಬೇಕು. ಆಧಾರ್ ತೋರಿಸಿ ದೇವನಹಳ್ಳಿಯಿಂದ ವಾಪಸ್ ಬರಬೇಡಿ. ಇನಿಷಿಯಲ್ ಇರುವ ಹೆಸರಿನವರು ಇನ್ನೂ ಎಚ್ಚರವಾಗಿರಬೇಕು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಊರ ಹೆಸರು ಬಿಡಿಸಿ ಬರೆದಿದ್ದರೆ ಟಿಕೆಟ್, ವಿಮೆ, ಆಹ್ವಾನಪತ್ರ ಮೂರರಲ್ಲೂ ಹಾಗೆಯೇ ಇರಲಿ.

ಬೇರೆ ದೇಶಗಳಿಗೆ ಸಂಸ್ಥೆಯಿಂದ ಆಹ್ವಾನಪತ್ರ ತರಿಸಿ, ಯಾವ ಬಗೆಯ ವೀಸಾ ಎಂದು ಕೇಳಿ. ಪ್ರವಾಸಿ ವೀಸಾದಲ್ಲಿ ಕೂಲಿಯಿಲ್ಲದ ಕೆಲಸವನ್ನೂ ಹಲವು ದೇಶಗಳು ಒಪ್ಪುವುದಿಲ್ಲ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಬಾಡಿಗೆ ಮನೆ ಬದಲಿಸಿದವರ ವಿಳಾಸ ತಾಳೆಯಾಗದೆ ಠಾಣೆಯಲ್ಲಿ ತಡವಾಗುವುದುಂಟು, ಮೊದಲೇ ಹಾಕಿ.

ಯೆಲ್ಲೋ ಫೀವರ್ ಇರುವ ಆಫ್ರಿಕಾದ ದೇಶಗಳಿಗಾದರೆ ಲಸಿಕೆ ಹೊರಡುವ 10 ದಿನ ಮುಂಚೆ ಆಗಿರಬೇಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರ ಕೊಡುವ ಲಸಿಕೆ ಪ್ರಮಾಣಪತ್ರದ ಹಳದಿ ಪುಸ್ತಕವಿಲ್ಲದೆ ಮರಳಿದರೆ ಇಲ್ಲಿಯೇ ಕ್ವಾರಂಟೈನ್. ಎಲ್ಲಿಗೇ ಹೋದರೂ ಟೆಟನಸ್ ಚುಚ್ಚುಮದ್ದು ತಪ್ಪಿಸಬೇಡಿ. ಕಟ್ಟಡದ ಜಾಗವೆಂದರೆ ತುಕ್ಕು ಮೊಳೆಯ ಜಾಗ.

ಪ್ರವಾಸ ವಿಮೆಯಲ್ಲಿ ಸಣ್ಣ ಅಕ್ಷರದ ಸಾಲು ಓದಿ. ದೈಹಿಕ ದುಡಿಮೆ, ಎತ್ತರದ ಕೆಲಸವನ್ನು ಕೈಬಿಟ್ಟ ಪಾಲಿಸಿಗಳೇ ಬಹಳ. ಸಾರ್ವೆಯಿಂದ ಬಿದ್ದರೆ ಅವು ಪೈಸೆ ಕೊಡುವುದಿಲ್ಲ.

ದೇಣಿಗೆ ಎತ್ತುವುದಾದರೆ: 80ಜಿ ಎಂದೇ ಹೆಸರಾದ ಆದಾಯ ತೆರಿಗೆ ರಿಯಾಯಿತಿ ವಿದೇಶಿ ಸಂಸ್ಥೆಗೆ ಕೊಟ್ಟ ಹಣಕ್ಕೆ ಸಿಗುವುದಿಲ್ಲ. ವಿದೇಶಿ ಪೌರತ್ವದ ಗೆಳೆಯರ ಹಣ ನಿಮ್ಮ ಖಾತೆಗೆ ಬಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ತೊಡಕು; ನೇರವಾಗಿ ಸಂಸ್ಥೆಗೇ ಕಟ್ಟಲು ಹೇಳಿ.

ಇಲ್ಲೇ ಕೈ ಪಳಗಿಸಿ

ನಿಮ್ಮ ಬೀದಿಯಲ್ಲೇ ಒಂದು ಮನೆ ಏಳುತ್ತಿರುತ್ತದೆ. ಮೇಸ್ತ್ರಿಯನ್ನು ಕೇಳಿ ನಾಲ್ಕು ಭಾನುವಾರ ನಿಲ್ಲಿ. ಆರು ಇಂಚಿನ ಸಾಲಿಡ್ ಬ್ಲಾಕ್ 20 ಕೆಜಿ ದಾಟುತ್ತದೆ. ದಿನವಿಡೀ ಅದನ್ನೆತ್ತಲು ಸೊಂಟ ಬಗ್ಗಬಾರದು, ಮೊಣಕಾಲು ಬಗ್ಗಬೇಕು. ಸಾಲಿನ ಮಟ್ಟ ತೋರಿಸುವ ರಸಮಟ್ಟ, ಗೋಡೆ ನೆಟ್ಟಗಿದೆಯೇ ಎಂದು ತೋರಿಸುವ ತೂಕದ ಗುಂಡು, ದಾರ ನೋಡುವುದು ಕಲಿತರೆ ಅಲ್ಲಿನ ಮೇಸ್ತ್ರಿಗೆ ನೀವು ನಿಜಕ್ಕೂ ಉಪಯೋಗ.

ಮಣ್ಣನ್ನು ಅಚ್ಚಿನಲ್ಲಿ ಒತ್ತಿ ಮಾಡುವ ಬ್ಲಾಕ್ ಕಲಿಯಲು ಬೆಂಗಳೂರಿನಂಥ ಊರು ಇನ್ನೊಂದಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ವಿದ್ಯೆಯನ್ನು ಬೆಳೆಸಿತು. ನೇಪಾಳದ ಹಲವೆಡೆ ಮರುನಿರ್ಮಾಣಕ್ಕೂ ಒತ್ತಿದ ಮಣ್ಣಿನ ಬ್ಲಾಕ್ ಬಳಕೆಯಾಗಿದೆ. ಮಣ್ಣಿನ ಹದ ತಿಳಿಯಲು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ನಂತರ ನುಣುಪು ಹೂಳು, ಕೊನೆಗೆ ಜೇಡಿ. ಜೇಡಿ ಹೆಚ್ಚಿದ್ದರೆ ಬ್ಲಾಕ್ ಒಣಗುವಾಗ ಸೀಳುತ್ತದೆ, ಮರಳು ಬೆರೆಸಬೇಕು. ಸಿಮೆಂಟ್ ಶೇ 5ರಿಂದ 8 ಸಾಕು, ಆದರೆ ಮೂರು ವಾರ ತೇವ ಆರಬಾರದು.

ಕೆಲಸದ ಜಾಗದಲ್ಲಿ ಕೆಡುವುದು ಎಲ್ಲಿ

ಹೆಚ್ಚು ಕೆಡುವುದು ನೀರಿನಲ್ಲಿ. ಒಂದು ಮೂಟೆ ಸಿಮೆಂಟ್ 50 ಕೆಜಿ, ಅಳತೆಯಲ್ಲಿ 35 ಲೀಟರ್. 1:1.5:3 (ಸಿಮೆಂಟ್, ಮರಳು, ಜಲ್ಲಿ) ಅಳತೆಯ ಕಾಂಕ್ರೀಟಿಗೆ ಮೂಟೆಗೆ ಮರಳು ಸುಮಾರು 52 ಲೀಟರ್, ಜಲ್ಲಿ 105, ನೀರು 25ರ ಆಸುಪಾಸು. ಕಲಸಲು ಕೈ ಸೋತಾಗ ಇನ್ನೊಂದು ಚೊಂಬು ಸುರಿಯುವುದು ಹೊಸಬರ ಚಾಳಿ. ಕಲಸಲು ಹಗುರ, ಆದರೆ ಆ ನೀರು ಆರಿದ ಮೇಲೆ ಉಳಿಯುವ ಸಣ್ಣ ತೂತುಗಳಿಂದ ಬಲ ಕುಗ್ಗುತ್ತದೆ. ಬಿಗಿಯಾದ ಹಳೆ ಗಾರೆಗೆ ಮತ್ತೆ ನೀರು ಹಾಕುವುದು ಇನ್ನೂ ಕೆಟ್ಟದ್ದು.

ಸುಟ್ಟ ಇಟ್ಟಿಗೆಯನ್ನು ನೆನೆಸಿಯೇ ಕೊಡಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡು ಬೆಸುಗೆ ಹಿಡಿಯದು. ಮಣ್ಣಿನ ಬ್ಲಾಕಿಗೆ ಚಿಮುಕಿಸಿದರೆ ಸಾಕು. ಒಂದೇ ದಿನ 1.5 ಮೀಟರಿಗಿಂತ ಎತ್ತರ ಏರಿಸಿದರೆ ಹಸಿ ಗಾರೆ ಹಿಂಡಿಕೊಂಡು ಗೋಡೆ ವಾಲುತ್ತದೆ. ಕಲ್ಲುಗೋಡೆಯಾದರೆ ಎರಡೂ ಮೈಗೆ ತಾಗುವ ಉದ್ದ ಕಲ್ಲುಗಳು ನಡುನಡುವೆ ಇರಬೇಕು. ಅವಿಲ್ಲದಿದ್ದರೆ ಅದು ಒಂದಕ್ಕೊಂದು ಒರಗಿದ ಎರಡು ಗೋಡೆ, ಅಲುಗಾಟಕ್ಕೆ ಹೊಟ್ಟೆಯುಬ್ಬಿ ಒಡೆಯುತ್ತದೆ. ಪಾಯ, ಕಿಟಕಿ ಕೆಳಗೆ, ಬಾಗಿಲು, ಕಿಟಕಿಗಳ ಮೇಲಿನ ಲಿಂಟಲ್ ಮಟ್ಟ, ಸೂರಿನ ಕೆಳಗೆ ಮನೆಯನ್ನು ಸುತ್ತುವ, ಕಂಬಿ ಹಾಕಿದ ಪಟ್ಟಿಗಳೇ ಭೂಕಂಪದಲ್ಲಿ ಮನೆ ಹಿಡಿಯುವುದು. ಮೂಲೆಯಲ್ಲಿ ಕಂಬಿ ಕತ್ತರಿಸಿ ನಿಲ್ಲಿಸಬೇಡಿ. ಬಗ್ಗಿಸಿ ಪಕ್ಕದ ಗೋಡೆಯೊಳಕ್ಕೆ ಒಯ್ಯಬೇಕು.

ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಉರಿ ಗಂಟೆಗಳ ನಂತರ ಗೊತ್ತಾಗುತ್ತದೆ. ರಬ್ಬರ್ ಗ್ಲೌಸ್, ಗಮ್‌ಬೂಟ್ ಇಲ್ಲಿಂದಲೇ ಒಯ್ಯಿರಿ. ಬಟ್ಟೆಯ ಗ್ಲೌಸ್ ನೀರು ಹೀರಿ ಸುಡುವುದನ್ನು ಹೆಚ್ಚಿಸುತ್ತದೆ.

ಕುಟುಂಬದ ಮುಖ, ಊರು ಸೇರಿಸಿ ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಯುದ್ಧದಿಂದ ಓಡಿಬಂದವರನ್ನು ಹುಡುಕುವವರೂ ಇರುತ್ತಾರೆ.

ಕೊನೆಯ ದಿನ ಬೀಳ್ಕೊಡುಗೆ ಊಟಕ್ಕೆ ಮುಂಚೆ ಒಂದು ವಿಚಾರ ಪಕ್ಕಾ ಮಾಡಿಕೊಳ್ಳಿ: ಮುಂದಿನ ಏಳು ದಿನ ಕಾಂಕ್ರೀಟಿಗೆ ಯಾರು, ದಿನಕ್ಕೆ ಎಷ್ಟು ಸಲ, ಎಲ್ಲಿಂದ ನೀರು ತಂದು ಹೊಡೆಯುತ್ತಾರೆ? ತಂಡ ಹೊರಟ ಮರುದಿನವೇ ಕ್ಯೂರಿಂಗ್ ನಿಲ್ಲುವುದು ಮಾಮೂಲಿ. ಕರಣೆ, ರಸಮಟ್ಟ, ಗಮ್‌ಬೂಟ್ ಅಲ್ಲೇ ಬಿಟ್ಟುಬನ್ನಿ, ಯಾರಿಗೆ ಕೊಡಬೇಕೆಂದು ಸೈಟ್ ಎಂಜಿನಿಯರರನ್ನೇ ಕೇಳಿ. ಹಳೆ ಬಟ್ಟೆ ಮಾತ್ರ ಬೇಡ.